ಇಮೇಲ್ ಕೇಳುವ ಮಾರಾಟ ಪುಟಗಳಿಗೆ ನಮ್ಮ ಓದುಗರನ್ನು ಕಳುಹಿಸಬಹುದೇ?

ಸುಂಟಿಕೊಪ್ಪದ ಡಿಕಾಕ್ಷನ್
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕಾಫಿ ಬೀಜ ಹುರಿದು, ಪುಡಿ ಮಾಡಿ, ಡಿಕಾಕ್ಷನ್ ಇಳಿಸುವ ಬಗ್ಗೆ ನಾನು ಕನ್ನಡದಲ್ಲಿ ಬರೆಯುತ್ತೇನೆ, ವಿಡಿಯೊಗಳನ್ನೂ ಮಾಡುತ್ತೇನೆ. ನಾನೇ ಬಳಸಿ ಒಪ್ಪಿಗೆಯಾದ ಗ್ರೈಂಡರ್, ಫಿಲ್ಟರ್, ತಕ್ಕಡಿಗಳ ಅಫಿಲಿಯೇಟ್ ಲಿಂಕ್‌ಗಳನ್ನು ಬರಹದ ಕೆಳಗೆ ಹಾಕುತ್ತೇನೆ. ಆ ಲಿಂಕಿನಿಂದ ಯಾರಾದರೂ ಕೊಂಡರೆ ಮಾರಾಟಗಾರರಿಂದ ನನಗೆ ಕಮಿಷನ್ ಬರುತ್ತದೆ ಎಂಬುದನ್ನೂ ಅಲ್ಲೇ ತಿಳಿಸಿರುತ್ತೇನೆ. ಇವೆಲ್ಲಕ್ಕಿಂತ ಹೆಚ್ಚು ಆದಾಯ ತರುತ್ತಿದ್ದದ್ದು ಕಾಫಿ ಹುರಿಯುವುದನ್ನು ಹಂತಹಂತವಾಗಿ ಕಲಿಸುವ, ಬೇರೆಯವರು ಮಾರುವ ಒಂದು ಆನ್‌ಲೈನ್ ಕೋರ್ಸಿನ ಲಿಂಕ್.

ಈ ವರ್ಷದ ಹೂಮಳೆಯ ಹೊತ್ತಿಗೆ ಆ ಕೋರ್ಸಿನ ಮಾರಾಟ ಪುಟ ಬದಲಾಯಿತು. ಈಗ ಪುಟ ತೆರೆದ ಕೂಡಲೇ ಪರದೆಯ ಅರ್ಧವನ್ನು ಮುಚ್ಚುವ ಒಂದು ಪಾಪ್-ಅಪ್ ಬಂದು, ಇಮೇಲ್ ವಿಳಾಸ ಕೊಟ್ಟರೆ ಶೇ 10 ರಿಯಾಯಿತಿ ಕೊಡುವುದಾಗಿ ಹೇಳುತ್ತದೆ. ಅಂದಿನಿಂದ ನನ್ನ ಲಿಂಕ್ ಒತ್ತುವವರ ಸಂಖ್ಯೆ ಕಡಿಮೆಯಾಗಿಲ್ಲ, ಮಾರಾಟ ಮಾತ್ರ ಬಹುಪಾಲು ನಿಂತುಹೋಗಿದೆ. ಹೋದ ವಾರ ಮೈಸೂರಿನ ಓದುಗರೊಬ್ಬರು ತಾವು ನನ್ನ ಲಿಂಕಿನಿಂದಲೇ ಆ ಪುಟಕ್ಕೆ ಹೋಗಿದ್ದಾಗಿಯೂ, ಇಮೇಲ್ ಕೊಟ್ಟ ಮೇಲೆ ಬಂದ ರಿಯಾಯಿತಿ ಮೇಲ್‌ನಿಂದ ಕೋರ್ಸ್ ಕೊಂಡಿದ್ದಾಗಿಯೂ ಸಂತೋಷದಿಂದ ಬರೆದು ತಿಳಿಸಿದರು. ಆ ದಿನಾಂಕದ ಎದುರು ಕಮಿಷನ್ ಲೆಕ್ಕ ತೋರಿಸುವ ನನ್ನ ಡ್ಯಾಶ್‌ಬೋರ್ಡ್‌ನಲ್ಲಿ ಸೊನ್ನೆ ಇದೆ.

ಹೀಗೆ ಇಮೇಲ್ ಸಂಗ್ರಹಿಸುವ ಪುಟಗಳಿರುವ ಉತ್ಪನ್ನಗಳನ್ನು ನಾವು ಪ್ರಚಾರ ಮಾಡಬೇಕೇ, ಬಿಡಬೇಕೇ? ಅನುಭವ ಇರುವವರು ದಯವಿಟ್ಟು ಬಿಚ್ಚಿ ಹೇಳಿ.

ಗೋಣಿಕೊಪ್ಪದ ಬ್ರಷ್‌ಕಟರ್
ಬಿಡಬೇಕು ಅಕ್ಕ. ಪುಟದಲ್ಲಿ ಇಮೇಲ್ ಚೌಕ ಕಂಡರೆ ನಾನು ಆ ಉತ್ಪನ್ನದ ಕಡೆ ತಿರುಗಿಯೂ ನೋಡುವುದಿಲ್ಲ.

ಕುಶಾಲನಗರದ ಸರ್ವರ್
ಅಷ್ಟು ಸಲೀಸಾಗಿ ತೀರ್ಪು ಕೊಡಬೇಡಿ ಅಣ್ಣ. ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ.

ಯಾರಾದರೂ ನಿಮ್ಮ ಲಿಂಕ್ ಒತ್ತಿದಾಗ, ನಿಮ್ಮ ಗುರುತಿನ ಸಂಕೇತವುಳ್ಳ ಒಂದು ಕುಕಿ, ಅಂದರೆ ಸಣ್ಣ ಮಾಹಿತಿ ತುಣುಕು, ಅವರ ಬ್ರೌಸರಿನಲ್ಲಿ ಉಳಿಯುತ್ತದೆ. ನಿಗದಿತ ಅವಧಿಯೊಳಗೆ ಅದೇ ಬ್ರೌಸರಿನಿಂದ ಕೊಂಡರೆ ಕಮಿಷನ್ ನಿಮ್ಮದು. ಅವಧಿ ಒಬ್ಬೊಬ್ಬರಲ್ಲಿ ಒಂದೊಂದು ರೀತಿ: ಅಮೆಜಾನ್‌ನಲ್ಲಿ 24 ಗಂಟೆ, ಆ 24 ಗಂಟೆಯೊಳಗೆ ವಸ್ತುವನ್ನು ಕಾರ್ಟ್‌ಗೆ ಹಾಕಿದ್ದರೆ ಸುಮಾರು 90 ದಿನಗಳವರೆಗೆ ನಡೆಯುತ್ತದೆ. ಕೋರ್ಸ್ ಮಾರುವವರು ಸಾಮಾನ್ಯವಾಗಿ 30 ಅಥವಾ 60 ದಿನ ಎನ್ನುತ್ತಾರೆ. ಬಹುತೇಕ ಕಡೆ ಕೊನೆಯ ಕ್ಲಿಕ್ ಯಾರದೋ ಅವರಿಗೇ ಹಣ ಸಲ್ಲುತ್ತದೆ.

ಇಮೇಲ್ ಬಂದಾಗ ತೊಡಕು ಎರಡು ಕಡೆಯಿಂದ ಹುಟ್ಟುತ್ತದೆ. ಮಾರಾಟಗಾರರು ಕಳುಹಿಸಿದ ಮೇಲ್‌ನ ಲಿಂಕಿನಲ್ಲಿ ಅವರದೇ ಪ್ರಚಾರದ ಸಂಕೇತವಿದ್ದರೆ, ಆ ಕ್ಲಿಕ್ ಕೊನೆಯದಾಗಿ, ನಿಮ್ಮ ಗುರುತು ಅಳಿದುಹೋಗುತ್ತದೆ. ಇನ್ನೊಂದು, ಓದುಗರು ರಾತ್ರಿ ಮೊಬೈಲಿನಲ್ಲಿ ನಿಮ್ಮ ಬರಹ ಓದಿ ಇಮೇಲ್ ಕೊಟ್ಟು, ಮರುದಿನ ಕಚೇರಿಯ ಕಂಪ್ಯೂಟರಿನಲ್ಲಿ ಮೇಲ್ ತೆರೆದು ಕೊಂಡರೆ, ಆ ಕಂಪ್ಯೂಟರಿನಲ್ಲಿ ನಿಮ್ಮ ಕುಕಿಯೇ ಇರುವುದಿಲ್ಲ.

ಆದರೆ ಇದೇ ಇಮೇಲ್ ನಿಮ್ಮ ಪರವಾಗಿಯೂ ಕೆಲಸ ಮಾಡಬಲ್ಲದು. ವಿಳಾಸ ಕೊಟ್ಟ ಕ್ಷಣದಲ್ಲಿಯೇ ಮಾರಾಟಗಾರರು ಅದರ ಪಕ್ಕದಲ್ಲಿ ನಿಮ್ಮ ಸಂಕೇತವನ್ನು ತಮ್ಮ ದಾಖಲೆಯಲ್ಲಿ ಬರೆದುಕೊಂಡರೆ, ಆ ವ್ಯಕ್ತಿ ಯಾವ ಸಾಧನದಿಂದ ಕೊಂಡರೂ ಕಮಿಷನ್ ನಿಮಗೇ ಬರುತ್ತದೆ. ಐಫೋನ್ ಬಳಸುವ ಓದುಗರ ವಿಷಯದಲ್ಲಿ ಇದು ಮುಖ್ಯ, ಏಕೆಂದರೆ ಸಫಾರಿ ಬ್ರೌಸರ್ 2020ರ ಮಾರ್ಚ್‌ನಿಂದ ಹೊರಗಿನ ತಾಣಗಳ ಕುಕಿಗಳನ್ನು ಪೂರ್ತಿಯಾಗಿ ತಡೆಯುತ್ತಿದೆ. ಪುಟದೊಳಗಿನ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಬರೆದ ಕುಕಿಗಳನ್ನು ಹೆಚ್ಚೆಂದರೆ 7 ದಿನ ಉಳಿಸಿಕೊಳ್ಳುತ್ತದೆ. 60 ದಿನದ ಅವಧಿ ಎಂದು ಕಾಗದದ ಮೇಲೆ ಇದ್ದರೂ ಅಂಥ ಓದುಗರಲ್ಲಿ ಅದು ವಾರದೊಳಗೆ ಮುಗಿದುಹೋಗಬಹುದು. ಆದ್ದರಿಂದ ಕೇಳಬೇಕಾದದ್ದು ಪುಟ ಇಮೇಲ್ ತೆಗೆದುಕೊಳ್ಳುತ್ತದೆಯೇ ಎಂದಲ್ಲ, ತೆಗೆದುಕೊಂಡ ಇಮೇಲ್‌ನ ಜೊತೆ ನಿಮ್ಮ ಹೆಸರು ಹೋಗುತ್ತದೆಯೇ ಎಂದು.

ಗೋಣಿಕೊಪ್ಪದ ಬ್ರಷ್‌ಕಟರ್
ಸರ್, ಹೋಗುತ್ತದೆ ಎಂದು ಅವರು ಹೇಳಿದರೆ ನಾವು ನಂಬಬೇಕಷ್ಟೇ. ಪರೀಕ್ಷಿಸಲು ನಮ್ಮ ಕೈಯಲ್ಲಿ ಏನಿದೆ? ನಾನು ಕಳೆ ಕತ್ತರಿಸುವ ಯಂತ್ರ, ಸ್ಪ್ರೇಯರ್, ಅವುಗಳ ಬಿಡಿಭಾಗಗಳ ಬಗ್ಗೆ ಬರೆಯುವವನು. ನನ್ನ ಓದುಗರು ತೋಟದವರು. ಮಳೆ ಹಿಡಿಯುವ ಮುಂಚೆ ಯಂತ್ರ ಬೇಕೆಂದರೆ ಅವತ್ತೇ ಕೊಳ್ಳುತ್ತಾರೆ. ಅಂಥವರ ಮುಂದೆ ಇಮೇಲ್ ಚೌಕ ತಂದು ನಿಲ್ಲಿಸುವುದರಿಂದ ಕೊಳ್ಳುವವರೂ ತಡೆದು ನಿಲ್ಲುತ್ತಾರೆ.

ಭಾಗಮಂಡಲದ ಓದುಗ
ಅದು ನಿಜ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ, ಇದ್ದಾಗಲೂ ನೆಟ್‌ವರ್ಕ್ ತೆವಳುತ್ತದೆ. ಅಂಥ ಹೊತ್ತಿನಲ್ಲಿ ಪುಟದ ಬರಹ ಬರುವ ಮೊದಲೇ ಪಾಪ್-ಅಪ್ ಬಂದು ಕೂರುತ್ತದೆ, ಅದನ್ನು ಮುಚ್ಚುವ ಗುರುತು ಸಣ್ಣ ಪರದೆಯ ಆಚೆ ಎಲ್ಲೋ ಇರುತ್ತದೆ. ನಾನು ಹಾಗೇ ಹಿಂದಕ್ಕೆ ಬಂದುಬಿಡುತ್ತೇನೆ.

ಸುಂಟಿಕೊಪ್ಪದ ಡಿಕಾಕ್ಷನ್
ಕುಶಾಲನಗರದ ಸರ್, ವಿವರಣೆಗೆ ಧನ್ಯವಾದ. ನಿನ್ನೆ ರಾತ್ರಿ ಬ್ರೌಸರಿನಲ್ಲಿ ಖಾಸಗಿ ಕಿಟಕಿ ತೆರೆದು ನನ್ನ ಲಿಂಕನ್ನೇ ಒತ್ತಿದೆ. ಬ್ರೌಸರಿನಲ್ಲಿ ಕಾಣುವ ಪುಟದ ವಿಳಾಸದ ತುದಿಯಲ್ಲಿ ನನ್ನ ಸಂಕೇತ ಸ್ಪಷ್ಟವಾಗಿ ಕಾಣುತ್ತಿತ್ತು. ಬೇರೊಂದು ಇಮೇಲ್ ವಿಳಾಸ ಕೊಟ್ಟೆ. ಕ್ಷಣದಲ್ಲಿ ರಿಯಾಯಿತಿ ಮೇಲ್ ಬಂತು. ಅದರೊಳಗಿನ ಕೆಂಪು ಗುಂಡಿಯನ್ನು ಬೆರಳಿನಿಂದ ಒತ್ತಿ ಹಿಡಿದು ಲಿಂಕ್ ಓದಿದಾಗ ನನ್ನ ಸಂಕೇತ ಎಲ್ಲೂ ಇರಲಿಲ್ಲ. ಉದ್ದನೆಯ ಅಕ್ಷರಗಳ ಒಂದು ಸಾಲು ಮಾತ್ರ ಇತ್ತು. ಇದರಿಂದ ಅವರು ನನ್ನ ಗುರುತನ್ನು ಕಿತ್ತುಹಾಕುತ್ತಿದ್ದಾರೆ ಎಂದು ತೀರ್ಮಾನಿಸಬಹುದೇ?

ಕುಶಾಲನಗರದ ಸರ್ವರ್
ಇಲ್ಲ, ಇನ್ನೂ ತೀರ್ಮಾನಿಸಬೇಡಿ. ಮೇಲ್ ಕಳುಹಿಸುವ ಸೇವೆಗಳು ಪ್ರತಿಯೊಂದು ಲಿಂಕನ್ನೂ ತಮ್ಮದೇ ವಿಳಾಸದಿಂದ ಹಾಯಿಸಿ ಆಮೇಲೆ ಮೂಲ ಪುಟಕ್ಕೆ ಬಿಡುತ್ತವೆ, ಹಾಗಾಗಿ ಮೇಲ್‌ನಲ್ಲಿ ಕಾಣುವುದು ಆ ನಡುವಿನ ವಿಳಾಸ. ಗುಂಡಿ ಒತ್ತಿ ಪುಟ ಪೂರ್ತಿ ತೆರೆದ ಮೇಲೆ ಬ್ರೌಸರಿನಲ್ಲಿ ಅದರ ವಿಳಾಸವನ್ನು ನೋಡಿ. ಅಲ್ಲಿಯೂ ನಿಮ್ಮ ಸಂಕೇತ ಇಲ್ಲದಿದ್ದರೆ ಅನುಮಾನಕ್ಕೆ ಜಾಗವಿದೆ. ಆದರೆ ದಾಖಲೆಯ ಒಳಗೆ ಇಮೇಲ್‌ಗೆ ಸಂಕೇತ ಜೋಡಿಸಿದ್ದರೆ ಅದು ಹೊರಗೆ ಕಾಣಬೇಕೆಂದಿಲ್ಲ. ಖಚಿತ ಉತ್ತರ ಮಾರಾಟಗಾರರ ಬಳಿ ಮಾತ್ರ ಇದೆ. ಪರೀಕ್ಷೆಗೆಂದು ನೀವೇ ಕೊಳ್ಳಲು ಹೋಗಬೇಡಿ, ಸ್ವಂತ ಲಿಂಕಿನಿಂದ ಕೊಳ್ಳುವುದನ್ನು ಅನೇಕ ಒಪ್ಪಂದಗಳು ನಿಷೇಧಿಸುತ್ತವೆ ಮತ್ತು ಅದೊಂದೇ ಕಾರಣಕ್ಕೆ ಖಾತೆ ಮುಚ್ಚಬಹುದು.

ವಿರಾಜಪೇಟೆಯ ಮೆಣಸು-ಜೇನು
ಇಲ್ಲಿ ಮಾತಾಡುತ್ತಿರುವವರಲ್ಲಿ ಹೆಚ್ಚಿನವರು ಅಫಿಲಿಯೇಟ್‌ಗಳು, ಅಂದರೆ ಲಿಂಕ್ ಹಾಕಿ ಕಮಿಷನ್ ಪಡೆಯುವವರು. ನಾನು ಮಾರಾಟಗಾರನ ಕಡೆಯಿಂದ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಕಾಳುಮೆಣಸು, ಜೇನು, ಕಾಚಂಪುಳಿ ಎಂಬ ಹುಳಿರಸ, ಕಾಫಿಪುಡಿಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಇವು ವರ್ಷವಿಡೀ ಸಿಗುವ ಪದಾರ್ಥಗಳಲ್ಲ. ಮೆಣಸು ಕೊಯ್ದು, ಬಿಡಿಸಿ, ಅಂಗಳದಲ್ಲಿ ಒಣಗಿಸುವುದು ಬೇಸಿಗೆಯಲ್ಲಿ. ಜೇನು ತೆಗೆಯುವುದು ಮಳೆ ಹಿಡಿಯುವ ಮುಂಚೆ. ಕಾಚಂಪುಳಿಯ ಹಣ್ಣು ಉದುರುವುದು ಮಳೆಯಲ್ಲಿ. ನವೆಂಬರ್‌ನಲ್ಲಿ ಒಬ್ಬರು ಜೇನು ಕೇಳಿಕೊಂಡು ಪುಟಕ್ಕೆ ಬಂದರೆ ನಮ್ಮ ಬಳಿ ಕೊಡಲು ಏನೂ ಇರುವುದಿಲ್ಲ. ಹೊಸ ಜೇನು ಬಂದಾಗ ತಿಳಿಸುತ್ತೇವೆ, ಇಮೇಲ್ ಕೊಡಿ ಎಂದು ಕೇಳದೆ ಬೇರೆ ದಾರಿಯಿಲ್ಲ. ಅವರನ್ನು ನಮ್ಮ ಬಳಿಗೆ ಕಳುಹಿಸಿದ ಅಫಿಲಿಯೇಟ್‌ನ ಸಂಕೇತವನ್ನು ಆ ಇಮೇಲ್‌ನ ಪಕ್ಕದಲ್ಲಿಯೇ ಬರೆದಿಟ್ಟು, ಒಂದು ವರ್ಷದೊಳಗಿನ ಮೊದಲ ಖರೀದಿಗೆ ಕಮಿಷನ್ ಕೊಡುತ್ತೇವೆ. ಕುಕಿಯೊಂದನ್ನೇ ನಂಬಿದ್ದರೆ ನಮಗಾಗಿ ಬರೆದವರಿಗೆ ಒಂದು ರೂಪಾಯಿಯೂ ಸಿಗುತ್ತಿರಲಿಲ್ಲ. ಆದ್ದರಿಂದ ಇಮೇಲ್ ಕೇಳುವ ಪುಟವೆಂದರೆ ಮೋಸದ ಪುಟ ಎಂದು ಸಾರಾಸಗಟಾಗಿ ಹೇಳುವುದು ಅನ್ಯಾಯ.

ಗೋಣಿಕೊಪ್ಪದ ಬ್ರಷ್‌ಕಟರ್
ನಿಮ್ಮಂಥವರ ಬಗ್ಗೆ ನನ್ನ ತಕರಾರಿಲ್ಲ ಅಣ್ಣ. ಆದರೆ ಹಾಗೆ ಬರೆದಿಟ್ಟುಕೊಳ್ಳುತ್ತೀರೆಂದು ನಿಮ್ಮ ಷರತ್ತುಗಳ ಪುಟದಲ್ಲಿ ಹೇಳಿದ್ದೀರಾ?

ವಿರಾಜಪೇಟೆಯ ಮೆಣಸು-ಜೇನು
ಹೇಳಿದ್ದೇವೆ. ಅಫಿಲಿಯೇಟ್ ಆಗಿ ಸೇರುವವರಿಗೆ ಕಳುಹಿಸುವ ಮೊದಲ ಪತ್ರದಲ್ಲಿಯೇ ಅದು ಇದೆ.

ನಾಪೋಕ್ಲು ಹೋಂಸ್ಟೇ
ನಾನು ಇದನ್ನು ಬೇರೆ ರೀತಿಯಲ್ಲಿ ನೋಡುತ್ತೇನೆ. ನಮ್ಮಲ್ಲಿಗೆ ಬುಕಿಂಗ್ ತಾಣದ ಮೂಲಕ ಬಂದು ಉಳಿದ ಕುಟುಂಬ, ಮುಂದಿನ ವರ್ಷ ನೇರವಾಗಿ ಫೋನ್ ಮಾಡಿ ಕೋಣೆ ಕಾದಿರಿಸಿದರೆ ಆ ತಾಣಕ್ಕೆ ಕಮಿಷನ್ ಕೊಡುವ ಪದ್ಧತಿ ಇಲ್ಲ. ಅತಿಥಿ ಮರಳಿ ಬಂದದ್ದು ನಮ್ಮ ಊಟ, ಉಪಚಾರ ಹಿಡಿಸಿದ್ದರಿಂದ. ಹಾಗೆಯೇ ಮಾರಾಟಗಾರರು ವಾರಗಟ್ಟಲೆ ಮೇಲ್ ಬರೆದು, ವಿವರಿಸಿ, ಒಪ್ಪಿಸಿ ಮಾರಿದ್ದರೆ ಆ ಮಾರಾಟದಲ್ಲಿ ಅವರ ಶ್ರಮವೇ ಹೆಚ್ಚಲ್ಲವೇ? ಒಂದು ಲಿಂಕ್ ಹಾಕಿದವರಿಗೆ ಅದರಲ್ಲಿ ಎಷ್ಟು ಹಕ್ಕಿದೆ?

ಸಿದ್ದಾಪುರದ ಪಯಣಿಗ
ಹೋಂಸ್ಟೇಯವರೇ, ಆ ಕುಟುಂಬ ಒಮ್ಮೆ ಬಂದು ಉಳಿದು, ತಾಣದವರಿಗೆ ಸಲ್ಲಬೇಕಾದದ್ದು ಸಂದ ಮೇಲಿನ ಮಾತು ನೀವು ಹೇಳಿದ್ದು. ಇಲ್ಲಿ ಮೊದಲ ಖರೀದಿಯೇ ಇನ್ನೂ ಆಗಿಲ್ಲ. ಗೇಟಿನವರೆಗೆ ಕರೆತಂದವರನ್ನು ಬಿಟ್ಟು, ಅತಿಥಿಯ ಫೋನ್ ನಂಬರ್ ಪಡೆದು, ತಾಣದಲ್ಲಿ ರದ್ದು ಮಾಡಿ ನೇರವಾಗಿ ಬನ್ನಿ ಎಂದು ಹೇಳಿದಂತೆ ಇದು. ಹಾಗೆ ಮಾಡಿದರೆ ಯಾವ ತಾಣದವರೂ ಸುಮ್ಮನಿರುವುದಿಲ್ಲ.

ಒಂದು ಲಿಂಕ್ ಹಾಕಿದವರು ಎಂಬ ನಿಮ್ಮ ಮಾತು ನನಗೆ ನೋವು ತಂದಿತು. ನಾನು ಪ್ರವಾಸದ ಚೀಲ, ರೇನ್‌ಕೋಟ್, ಬೂಟುಗಳ ಬಗ್ಗೆ ಬರೆಯುತ್ತೇನೆ. ಒಂದು ರೇನ್‌ಕೋಟಿನ ಬಗ್ಗೆ ಬರೆಯಬೇಕಾದರೆ ಅದನ್ನು ಹಾಕಿಕೊಂಡು ಜುಲೈ ಮಳೆಯಲ್ಲಿ ನಡೆದು, ಹೊಲಿಗೆಯ ಸಾಲಿನಿಂದ ನೀರು ಒಳಗೆ ಬರುತ್ತದೆಯೇ, ಭುಜದ ಮೇಲೆ ಚೀಲದ ಪಟ್ಟಿ ಉಜ್ಜುವಲ್ಲಿ ಲೇಪನ ಕಿತ್ತುಹೋಗುತ್ತದೆಯೇ ಎಂದು ನೋಡಿ, ಒಣಗಿಸಿ, ಮತ್ತೆ ನಡೆದು ಬರೆಯುತ್ತೇನೆ. ಓದುಗರು ಮಾರಾಟಗಾರರ ಹೆಸರನ್ನೂ ಕೇಳಿರುವುದಿಲ್ಲ, ನನ್ನ ಮಾತನ್ನು ನಂಬಿ ಅಲ್ಲಿಗೆ ಹೋಗುತ್ತಾರೆ.

ನಾಪೋಕ್ಲು ಹೋಂಸ್ಟೇ
ಮೊದಲ ಖರೀದಿ ಮತ್ತು ನಂತರದ ಖರೀದಿಯ ವ್ಯತ್ಯಾಸವನ್ನು ಒಪ್ಪುತ್ತೇನೆ. ಮೊದಲನೆಯದರಲ್ಲಿ ನಿಮ್ಮ ಪಾಲು ನ್ಯಾಯವಾದದ್ದು. ಎರಡನೆಯದರಿಂದಾಚೆಗೆ ಹಕ್ಕು ಕೇಳುವುದನ್ನು ಈಗಲೂ ಒಪ್ಪುವುದಿಲ್ಲ.

ಸೋಮವಾರಪೇಟೆ ಟೀಚರ್
ನಾನು ಏನನ್ನೂ ಮಾರುವವಳಲ್ಲ, ನಿಮ್ಮಂಥವರ ಬರಹ ಓದಿ ಕೊಳ್ಳುವವಳು. ಇಷ್ಟು ಹೊತ್ತು ನೀವೆಲ್ಲ ಚರ್ಚಿಸಿದ್ದು ಕಮಿಷನ್ ಯಾರಿಗೆ ಸೇರಬೇಕು ಎಂಬುದನ್ನು. ಇಮೇಲ್ ಕೊಟ್ಟವರ ಗತಿ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ.

ನಾನು ನಂಬುವ ಒಬ್ಬರು ಗಿಡಗಳ ಆರೈಕೆಯ ಪುಸ್ತಿಕೆಯೊಂದನ್ನು ಶಿಫಾರಸು ಮಾಡಿದ್ದರು. ಪುಸ್ತಿಕೆಗಾಗಿ ಇಮೇಲ್ ಕೊಟ್ಟೆ. ಪುಸ್ತಿಕೆ ಬಂತು, ಚೆನ್ನಾಗಿಯೂ ಇತ್ತು. ಅದರ ಹಿಂದೆಯೇ ಷೇರು ಮಾರುಕಟ್ಟೆಯ ತರಬೇತಿ, ತೂಕ ಇಳಿಸುವ ಪುಡಿ, ಸಾಲ ಕೊಡುವ ಆ್ಯಪ್‌ಗಳ ಮೇಲ್‌ಗಳು ಬರತೊಡಗಿದವು. ನಿಲ್ಲಿಸಲು ಕೊಟ್ಟಿದ್ದ ಲಿಂಕ್ ಒತ್ತಿದರೆ ಅದು ಮತ್ತೆ ನನ್ನ ಇಮೇಲ್ ಕೇಳಿತು. ಪಿಂಚಣಿಯ ವಿವರ, ಮಗಳ ಪತ್ರ, ಬ್ಯಾಂಕಿನ ಸೂಚನೆ ಬರುವುದೂ ಅದೇ ವಿಳಾಸಕ್ಕೆ. ಅವೆಲ್ಲ ಈ ರಾಶಿಯಡಿ ಹೂತುಹೋಗುತ್ತವೆ. ಆ ಮಾರಾಟಗಾರರು ಯಾರೆಂದು ನನಗೆ ನೆನಪಿಲ್ಲ. ಶಿಫಾರಸು ಮಾಡಿದವರ ಹೆಸರು ಚೆನ್ನಾಗಿ ನೆನಪಿದೆ, ಆಮೇಲೆ ಅವರ ಯಾವ ಲಿಂಕನ್ನೂ ನಾನು ಒತ್ತಿಲ್ಲ.

ಸುಂಟಿಕೊಪ್ಪದ ಡಿಕಾಕ್ಷನ್
ಟೀಚರ್, ನೀವು ಬರೆದದ್ದನ್ನು ಓದಿ ಈ ಪ್ರಶ್ನೆಗೆ ಇರುವ ಭಾರ ಅರ್ಥವಾಯಿತು. ಕಮಿಷನ್ ತಪ್ಪಿದರೆ ನನ್ನ ನಷ್ಟ, ವಿಳಾಸ ಕೈಬದಲಾದರೆ ಓದುಗರ ನಷ್ಟ. ಎರಡನೆಯದನ್ನು ನಾನು ಭರಿಸಿಕೊಡಲು ಸಾಧ್ಯವೇ ಇಲ್ಲ.

ಮಡಿಕೇರಿಯ ವಕೀಲ
ಟೀಚರ್ ಹೇಳಿದ ವಿಷಯಕ್ಕೆ ಕಾನೂನಿನ ಆಧಾರವೂ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಕಾಯ್ದೆಯ ಪ್ರಕಾರ ಒಪ್ಪಿಗೆಯನ್ನು ಒಂದು ನಿರ್ದಿಷ್ಟ ಉದ್ದೇಶಕ್ಕೆ ಪಡೆಯಬೇಕು ಮತ್ತು ಆ ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿಯನ್ನು ಬಳಸಬೇಕು. ಪುಸ್ತಿಕೆ ಕಳುಹಿಸಲು ಪಡೆದ ವಿಳಾಸವನ್ನು ಸಾಲದ ಆ್ಯಪ್‌ನವರಿಗೆ ಕೊಡುವುದು ಈ ಒಪ್ಪಿಗೆಯೊಳಗೆ ಬರುವುದಿಲ್ಲ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಆಗಬೇಕು. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕೆಂದೂ ಇದೆ. ಕನ್ನಡ ಆ ಅನುಸೂಚಿಯಲ್ಲಿದೆ. ಕನ್ನಡದ ಓದುಗರನ್ನು ಕಳುಹಿಸುವ ನೀವು ಇದನ್ನು ಮಾರಾಟಗಾರರಿಗೆ ನೆನಪಿಸಬಹುದು.

ಈ ಕಾಯ್ದೆಯ ಹೊಣೆ ಸಾಮಾನ್ಯವಾಗಿ ವಿಳಾಸ ಸಂಗ್ರಹಿಸಿ ಅದರ ಬಳಕೆಯನ್ನು ನಿರ್ಧರಿಸುವವರದು, ಲಿಂಕ್ ಹಾಕಿದವರದ್ದಲ್ಲ. ಆದರೆ ಪ್ರಚಾರದ ವಿಷಯದಲ್ಲಿ ಅಫಿಲಿಯೇಟ್‌ಗಳು ಹೊರಗುಳಿಯುವಂತಿಲ್ಲ. ಹಣದ ಸಂಬಂಧವಿದ್ದರೆ ಅದನ್ನು ಓದುಗರಿಗೆ ಕಾಣುವಂತೆ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ, ಮತ್ತು ಇದು ಶಿಫಾರಸು ಮಾಡಿದವರಿಗೂ ಅನ್ವಯಿಸುತ್ತದೆ.

ಕುಶಾಲನಗರದ ಸರ್ವರ್
ಟೀಚರ್, ಒಂದು ಉಪಯೋಗದ ಮಾತು. ಜಿಮೇಲ್ ಮತ್ತು ಯಾಹೂ 2024ರಿಂದ ಭಾರೀ ಸಂಖ್ಯೆಯಲ್ಲಿ ಪ್ರಚಾರದ ಮೇಲ್ ಕಳುಹಿಸುವವರು ಒಂದೇ ಒತ್ತಿನಲ್ಲಿ ನಿಲ್ಲಿಸುವ ವ್ಯವಸ್ಥೆ ಕೊಡಲೇಬೇಕು ಎಂದಿವೆ. ಆ ಗುಂಡಿ ಮೇಲ್‌ನ ತಲೆಭಾಗದಲ್ಲಿ, ಕಳುಹಿಸಿದವರ ಹೆಸರಿನ ಹತ್ತಿರ ಇರುತ್ತದೆ. ಅದನ್ನೇ ಬಳಸಿ, ಅಪರಿಚಿತರ ಮೇಲ್‌ನ ಒಳಗಿನ ಲಿಂಕ್ ಒತ್ತಿ ಮತ್ತೆ ವಿಳಾಸ ಬರೆಯಬೇಡಿ.

ಸೋಮವಾರಪೇಟೆ ಟೀಚರ್
ಈಗಲೇ ನೋಡಿದೆ, ಸಿಕ್ಕಿತು. ಧನ್ಯವಾದ.

ಪೊನ್ನಂಪೇಟೆ ನರ್ಸರಿ
ಹಾಗಾದರೆ ಮೊದಲು ನಾವೇ ನಮ್ಮ ಓದುಗರ ಇಮೇಲ್ ಪಡೆದು, ಆಮೇಲೆ ಲಿಂಕ್ ಕಳುಹಿಸಿದರೆ ಹೇಗೆ? ಓದುಗರು ನಮ್ಮವರಾಗಿಯೇ ಉಳಿಯುತ್ತಾರೆ. ಅನೇಕರು ಹೀಗೆಯೇ ಮಾಡಲು ಸಲಹೆ ಕೊಡುತ್ತಾರೆ.

ಸಿದ್ದಾಪುರದ ಪಯಣಿಗ
ಕೊಳ್ಳಲು ಬಂದವರನ್ನು ಎರಡು ಕಡೆ ಇಮೇಲ್ ಕೇಳಿ ದಣಿಸುವುದು ಯಾವ ನ್ಯಾಯ? ಮೇಲಾಗಿ ಆಗ ವಕೀಲರು ಹೇಳಿದ ಹೊಣೆ ನಿಮ್ಮ ತಲೆಯ ಮೇಲೆಯೇ ಬರುತ್ತದೆ. ನಿಮಗೆ ಬರೆಯಲು ನಿಜವಾಗಿ ವಿಷಯವಿದ್ದು, ಓದುಗರು ಅದಕ್ಕಾಗಿಯೇ ಸೇರುವುದಾದರೆ ಸರಿ. ಕಮಿಷನ್ ಕಾಪಾಡಿಕೊಳ್ಳಲೆಂದು ಮಾತ್ರ ಪಟ್ಟಿ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಪೊನ್ನಂಪೇಟೆ ನರ್ಸರಿ
ನನಗೆ ವಿಷಯವಿದೆ. ಮೆಣಸಿನ ಬಳ್ಳಿಗೆ ಸೊರಗು ರೋಗ ಬರುವ ಕಾಲ, ಬೋರ್ಡೊ ದ್ರಾವಣ ಸಿಂಪಡಿಸುವ ಹೊತ್ತು, ಇವನ್ನು ತಿಳಿಸಿದರೆ ಓದುವವರು ಬೇಕಾದಷ್ಟಿದ್ದಾರೆ. ಆದರೂ ನಿಮ್ಮ ಎಚ್ಚರಿಕೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತೇನೆ.

ಸುಂಟಿಕೊಪ್ಪದ ಡಿಕಾಕ್ಷನ್
ಮಾರಾಟಗಾರರಿಗೆ ಪತ್ರ ಬರೆದಿದ್ದೆ, ಉತ್ತರ ಬಂದಿದೆ. ನಾನು ಕೇಳಿದ್ದು ಇಷ್ಟು: ನನ್ನ ಲಿಂಕಿನಿಂದ ಬಂದವರು ಇಮೇಲ್ ಕೊಟ್ಟರೆ ನನ್ನ ಸಂಕೇತ ಅದರ ಜೊತೆ ದಾಖಲಾಗುತ್ತದೆಯೇ, ಎಷ್ಟು ದಿನ ಇರುತ್ತದೆ; ನಿಮ್ಮ ಮೇಲ್‌ಗಳಲ್ಲಿ ಬೇರೆ ಅಫಿಲಿಯೇಟ್‌ಗಳ ಲಿಂಕ್ ಇರುತ್ತದೆಯೇ; ವಿಳಾಸಗಳನ್ನು ಯಾರಿಗಾದರೂ ಕೊಡುತ್ತೀರಾ; ನಿಲ್ಲಿಸಬೇಕೆಂದವರ ವಿಳಾಸ ಅಳಿಸುತ್ತೀರಾ.

ವಿಳಾಸವನ್ನು ಯಾರಿಗೂ ಕೊಡುವುದಿಲ್ಲ, ಕೇಳಿದವರದ್ದನ್ನು ಅಳಿಸುತ್ತೇವೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಸಂಕೇತ 60 ದಿನ ದಾಖಲಾಗಿರುತ್ತದಂತೆ. ಆದರೆ ಮೇಲ್‌ನಲ್ಲಿ ಕೊಟ್ಟ ರಿಯಾಯಿತಿ ಕೂಪನ್ ಬಳಸಿ ಕೊಂಡರೆ ಅದು ಅವರ ಸ್ವಂತ ಮಾರಾಟವೆಂದು ಲೆಕ್ಕವಾಗುತ್ತದೆ. ಮೇಲ್ ತೆರೆದವರು ಶೇ 10 ಬಿಟ್ಟು ಪೂರ್ತಿ ಬೆಲೆ ಕೊಟ್ಟು ಏಕೆ ಕೊಳ್ಳುತ್ತಾರೆ? ಹಾಗಾಗಿ 60 ದಿನದ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಸದ್ಯಕ್ಕೆ ಆ ಲಿಂಕನ್ನು ಎಲ್ಲ ಬರಹಗಳಿಂದ ತೆಗೆದಿದ್ದೇನೆ. ಕೋರ್ಸ್ ಒಳ್ಳೆಯದು ಎಂಬ ನನ್ನ ಅಭಿಪ್ರಾಯ ಮಾತ್ರ ಬರಹದಲ್ಲಿ ಹಾಗೆಯೇ ಇದೆ.

ಗೋಣಿಕೊಪ್ಪದ ಬ್ರಷ್‌ಕಟರ್
ನಾನು ಮೊದಲೇ ಹೇಳಿದ್ದು ಇದನ್ನೇ.

ವಿರಾಜಪೇಟೆಯ ಮೆಣಸು-ಜೇನು
ತೆಗೆದದ್ದು ಸರಿ ಅಕ್ಕ, ಆದರೆ ಮಾತುಕತೆ ನಿಲ್ಲಿಸಬೇಡಿ. ನಿಮ್ಮ ಹೆಸರಿನಲ್ಲಿಯೇ ಒಂದು ಕೂಪನ್ ಕೊಡಿ ಎಂದು ಕೇಳಿ. ನಾವು ಹಾಗೇ ಮಾಡುತ್ತೇವೆ: ಅಫಿಲಿಯೇಟ್ ಮೂಲಕ ಬಂದವರಿಗೆ ಹೋಗುವ ಮೇಲ್‌ನಲ್ಲಿ ಅದೇ ಅಫಿಲಿಯೇಟ್‌ನ ಕೂಪನ್ ಇರುತ್ತದೆ. ಓದುಗರಿಗೆ ರಿಯಾಯಿತಿಯೂ ಸಿಗುತ್ತದೆ, ಯಾವ ಸಾಧನದಿಂದ ಕೊಂಡರೂ ಲೆಕ್ಕವೂ ತಪ್ಪುವುದಿಲ್ಲ. ವ್ಯವಸ್ಥೆ ಮಾಡಲು ಅವರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಕೊಡಲು ಮನಸ್ಸಿದೆಯೇ ಎಂಬುದು ಈ ಒಂದು ಪ್ರಶ್ನೆಯಿಂದಲೇ ತಿಳಿಯುತ್ತದೆ.

ಪೊನ್ನಂಪೇಟೆ ನರ್ಸರಿ
ಅಕ್ಕ, ನೀವು ಹೇಳುತ್ತಿರುವ ಕೋರ್ಸ್ ಯಾವುದೆಂದು ಊಹಿಸಬಲ್ಲೆ. ಅದರ ಲಿಂಕ್ ನನ್ನ ಬರಹವೊಂದರಲ್ಲಿಯೂ ಇದೆ. ನಿಮ್ಮ ಪತ್ರದ ಒಕ್ಕಣೆ ಕಳುಹಿಸಿದರೆ ನಾನೂ ಬರೆಯುತ್ತೇನೆ. ಇಬ್ಬರು ಕೇಳಿದರೆ ಕೂಪನ್ ನಿಯಮವನ್ನು ಮತ್ತೊಮ್ಮೆ ಪರಿಶೀಲಿಸಬಹುದು.

ಸುಂಟಿಕೊಪ್ಪದ ಡಿಕಾಕ್ಷನ್
ಒಕ್ಕಣೆಯನ್ನು ಈಗಷ್ಟೇ ಕಳುಹಿಸಿದ್ದೇನೆ. ವಿರಾಜಪೇಟೆಯವರು ಹೇಳಿದ ಕೂಪನ್ ಪ್ರಶ್ನೆಯನ್ನು ಕೊನೆಯಲ್ಲಿ ಸೇರಿಸಿದ್ದೇನೆ, ಒಪ್ಪಿಗೆಯ ಕೋರಿಕೆ ಕನ್ನಡದಲ್ಲಿಯೂ ಇರಲಿ ಎಂಬ ಸಾಲನ್ನೂ ಹಾಕಿದ್ದೇನೆ. ನೀವು ಕಳುಹಿಸಿದ ಮೇಲೆ ಇಲ್ಲಿ ತಿಳಿಸಿ, ನನ್ನದನ್ನು ಅದೇ ದಿನ ಕಳುಹಿಸುತ್ತೇನೆ.